ಗುಜರಿ ಪಟ್ಟಿಯಲ್ಲಿರುವ ಚೈನ್ ಜೊತೆ ಮಾತುಕತೆ

ಡ್ರೋನ್, ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಬಂದ ಮೇಲೆ ಸರ್ವೆ ಇಲಾಖೆ ತನ್ನ ಹಳೆ ಸಲಕರಣೆಗಳನ್ನು ಏನು ಮಾಡಬೇಕು? ಸರಕಾರಿ ಬುದ್ಧಿಗೆ ಹೊಳೆಯುವ ದಾರಿ ಎರಡೇ: ಹರಾಜು, ಇಲ್ಲವೇ ಗಾಜಿನ ಪೆಟ್ಟಿಗೆ. ಉಡುಪಿ ಜಿಲ್ಲೆಯ ಉದ್ಯಾವರದ ಗದ್ದೆ, ತೋಟ, ಪಿತ್ರೋಡಿಯ ಹೊಳೆಬದಿಯನ್ನೆಲ್ಲ ಅಳೆದು ಈಗ ‘ಅನುಪಯುಕ್ತ’ ಪಟ್ಟಿ ಸೇರಿದ ಗಂಟರ್ ಚೈನೊಂದಕ್ಕೆ ಬಾಯಿ ಬಂದರೆ ಮೂರನೆಯದೊಂದು ದಾರಿ ಹೇಳೀತು ಎಂಬ ಆಸೆಯಿಂದ ಈ ಕಾಲ್ಪನಿಕ ಸಂದರ್ಶನ.

ನಿಮ್ಮನ್ನು ತೂಕಕ್ಕೆ ಹಾಕಿದರೆ ಖಜಾನೆಗೆ ನಾಲ್ಕು ಕಾಸಾದರೂ ಬರುತ್ತದಲ್ಲ?

ಹಾಕಿ ಮಾರಾಯ್ರೇ, ಬೇಡ ಎಂದವರು ಯಾರು? ಮೊದಲು ಒಂದು ಲೆಕ್ಕ ಕೇಳಿ. ನನ್ನ ಉದ್ದ 66 ಅಡಿ, ಕೊಂಡಿಗಳು 100. ಉದ್ದಕ್ಕೊಂದು ಚೈನ್, ಅಗಲಕ್ಕೊಂದು ಚೈನ್ ಎಳೆದರೆ ಸರಿಯಾಗಿ 10 ಸೆಂಟ್ಸ್. ಅಂಥ ಹತ್ತು ಚೌಕಕ್ಕೆ ಒಂದು ಎಕರೆ. ಹೆದ್ದಾರಿ ಬದಿಯಲ್ಲಿ ನಿಂತು ಸೆಂಟ್ಸಿಗೆ ಇಷ್ಟು ಎಂದು ದರ ಹೇಳುವ ಬ್ರೋಕರು ವ್ಯಾಪಾರ ಮಾಡುವುದು ನನ್ನ ಮೈಯಳತೆಯಲ್ಲೇ. ಮದ್ರಾಸ್ ಪ್ರಾಂತ್ಯದ ಕಾಲದ ಹೊಲದ ಅಳತೆ ಪುಸ್ತಕ, ಅಂದರೆ ಎಫ್‌ಎಂಬಿ ನಕ್ಷೆ ಬಿಡಿಸಿ ನೋಡಿ, ಗಡಿಗೆರೆಯ ಪಕ್ಕದ ಅಂಕಿಗಳೆಲ್ಲ ಲಿಂಕ್ಸ್, ನನ್ನ ಕೊಂಡಿಗಳ ಲೆಕ್ಕ. ತಕರಾರು ಬಂದರೆ ರೋವರ್ ಹಿಡಿದವರೂ ಆ ಹಾಳೆಗೇ ಮರಳಬೇಕು. ಇನ್ನೊಂದು ಗುಟ್ಟು: ಎಳೆದೆಳೆದು ಕೊಂಡಿಗಳನ್ನು ಜೋಡಿಸುವ ನನ್ನ ಬಳೆಗಳು ಸವೆಯುತ್ತವೆ, ನಾನು ಉದ್ದವಾಗುತ್ತೇನೆ. ಬರೇ ಎರಡಿಂಚು ಹಿಗ್ಗಿದರೆ ಎಕರೆಗೆ ಅರ್ಧ ಸೆಂಟ್ಸ್, ಅಂದರೆ ಸುಮಾರು 218 ಚದರಡಿ, ದಾಖಲೆಯಲ್ಲಿ ಕಡಿಮೆ ಬೀಳುತ್ತದೆ. ಉಪಗ್ರಹದ ಲೆಕ್ಕವೂ ಹಾಳೆಯ ಲೆಕ್ಕವೂ ಹೊಂದದೇ ಇದ್ದಾಗ ಅಣ್ಣ ಬೇಲಿ ಸರಿಸಿದನೋ, ಚೈನ್ ಹಿಗ್ಗಿತ್ತೋ ಎಂದು ಕೇಳಬೇಡವೇ?

ಆದರೆ ಆ ದಿನ ಆ ಗದ್ದೆಗೆ ಹೋದದ್ದು ನೀವೇ ಎನ್ನಲು ಏನು ಆಧಾರ?

ನನ್ನ ವಾದದ ಬಿರುಕು ಇಲ್ಲೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಒಂಟಿಯಾಗಿ ಉಳಿಸಿದರೆ ನಾನು ಮೂಕ ಕಬ್ಬಿಣ, ಅಷ್ಟೇ. ಯಾವ ಚೈನ್ ಯಾವ ಗ್ರಾಮಕ್ಕೆ ಹೋಯಿತು, ಯಾವಾಗ ಪರೀಕ್ಷೆಯಾಯಿತು ಎಂದು ಬರೆದಿಟ್ಟ ಪುಸ್ತಕ ಪಕ್ಕದಲ್ಲಿದ್ದರೆ ಮಾತ್ರ ಸಾಕ್ಷಿ. ಡೆಹ್ರಾಡೂನಿನಲ್ಲಿ ಸರ್ವೆ ಆಫ್ ಇಂಡಿಯಾ ಕಾಪಾಡಿರುವ ಅರ್ಧ ಟನ್ ತೂಕದ, ಕೋನ ಅಳೆಯುವ ಗ್ರೇಟ್ ಥಿಯೋಡೊಲೈಟ್ ನೋಡಿ. 1808ರಲ್ಲಿ ತಂಜಾವೂರಿನ ಗೋಪುರಕ್ಕೆ ಏರಿಸುವಾಗ ಅದು ಗೋಡೆಗೆ ಬಡಿದು ಜಖಂ ಆಯಿತು, ಆ ಸರ್ವೆ ನಡೆಸುತ್ತಿದ್ದ ಲ್ಯಾಂಬ್ಟನ್ ಸಾಹೇಬ ಕೂತು ತಾನೇ ಸರಿಪಡಿಸಿದ. ಪೆಟ್ಟು ಬಿದ್ದದ್ದೂ ರಿಪೇರಿಯಾದದ್ದೂ ಬರಹದಲ್ಲಿ ಉಳಿದಿದೆ. ಅದಕ್ಕೇ ಆ ಯಂತ್ರಕ್ಕೆ ಬೆಲೆ, ಗಾತ್ರಕ್ಕಲ್ಲ.

ಹಾಗಾದರೆ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕಳುಹಿಸೋಣವೇ?

ಅಲ್ಲಿ ನನಗೆ ‘ಚೈನ್, ಹಳೆಯದು’ ಎಂಬ ಚೀಟಿ ಸಿಕ್ಕೀತು. ನಾನು ಅಳೆದು ಬರೆಸಿದ ಹಾಳೆಗಳು ಈ ಜಿಲ್ಲೆಯಲ್ಲಿ, ನಾನು ಅಲ್ಲಿ. ಶಾಲೆ ಮಕ್ಕಳಿಗೆ ತೋರಿಸಲು ಒಂದೆರಡು ಹೋಗಲಿ, ತಕರಾರಿಲ್ಲ.

ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆ. ಜಾಗವಿಲ್ಲ, ಅನುದಾನವಿಲ್ಲ. ಫೋಟೊ ತೆಗೆದಿಟ್ಟರೆ ಸಾಲದೇ?

ತುಕ್ಕಿನ ಮಾತು ಒಪ್ಪಿದೆ. ಪಿತ್ರೋಡಿಯಲ್ಲಿ ಗೇಟಿನ ಕೀಲೇ ಬಾಳುವುದಿಲ್ಲ. ಆದರೆ ತೇವವಿಲ್ಲದ ಕಪಾಟು, ಆಗಾಗ ಒಂದಿಷ್ಟು ಎಣ್ಣೆ, ಇಷ್ಟಕ್ಕೆ ಅನುದಾನ ಎಷ್ಟು ಬೇಕು? ಫೋಟೊದಲ್ಲಿ ಎರಡಿಂಚಿನ ಹಿಗ್ಗು ಕಾಣುವುದಿಲ್ಲ, ಮುಂದೊಬ್ಬ ಬಂದು ಅಳೆದು ನೋಡಲೂ ಆಗುವುದಿಲ್ಲ. ನಮ್ಮನ್ನೆಲ್ಲ ಉಳಿಸಿ ಎಂದು ನಾನು ಕೇಳುತ್ತಲೂ ಇಲ್ಲ. ತಾಲೂಕಿಗೊಂದು ಪೂರ್ತಿ ಸೆಟ್ ಸಾಕು: ಚೈನ್, ನೆಲಕ್ಕೆ ಚುಚ್ಚುವ ಹತ್ತು ಬಾಣ, ಲಂಬಕೋನ ಹಿಡಿಯುವ ಕ್ರಾಸ್ ಸ್ಟಾಫ್, ಪರೀಕ್ಷೆಯ ಪುಸ್ತಕ, ಎಲ್ಲವೂ ರೆಕಾರ್ಡ್ ರೂಮಿನಲ್ಲಿ ಎಫ್‌ಎಂಬಿಯ ಪಕ್ಕದಲ್ಲೇ. ಉಳಿದವರೆಲ್ಲ ಸಂತೋಷದಿಂದ ಗುಜರಿಗೆ ಹೋಗುತ್ತೇವೆ. ಒಂದೇ ಬೇಡಿಕೆ, ಉಳಿಸಿದ್ದಕ್ಕೆ ಬೆಳ್ಳಿಬಣ್ಣ ಬಳಿದು ಸಾಹೇಬರ ಕೋಣೆಯಲ್ಲಿ ತೂಗುಹಾಕಬೇಡಿ, ಡೊಂಕಾದ ಕೊಂಡಿಯನ್ನು ತಟ್ಟಿ ನೇರ ಮಾಡಲೂ ಬೇಡಿ. ಆ ಡೊಂಕೇ ದಾಖಲೆ.

ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಯಾರು ತೀರ್ಮಾನಿಸಬೇಕು?

ಈಗ ತೀರ್ಮಾನಿಸುವುದು ತಕ್ಕಡಿ. ಅದರ ಬದಲು ನಿವೃತ್ತ ಸರ್ವೆಯರ್, ಚೈನ್ ಎಳೆದು ಕೈ ಒರಟಾದ ಚೈನ್‌ಮನ್, ರೆಕಾರ್ಡ್ ರೂಮಿನವರು, ಈ ಮೂವರನ್ನು ಕೂರಿಸಿ. ಚೈನ್‌ಮನ್‌ಗೆ ಗೊತ್ತಿದ್ದದ್ದು ಯಾವ ಪುಸ್ತಕದಲ್ಲೂ ಇಲ್ಲ. ಅವರು ಇರುವಾಗಲೇ ಬರೆದುಕೊಳ್ಳಿ. ಸಮಿತಿಯೇ ಆಗಬೇಕೆಂದರೆ ಆಗಲಿ, ಆದರೆ ಅದರ ವರದಿ ಹರಾಜಿನ ತಾರೀಕಿಗಿಂತ ಮೊದಲು ಬರಲಿ.