ಹಣೆಗೆ ಹೊಲಿಗೆ ಹಾಕಿಸಿಕೊಂಡ ಲಾರಿ ಡ್ರೈವರ್ ಅಣ್ಣನಿಗೊಂದು ಬಹಿರಂಗ ಪತ್ರ

ಅಣ್ಣಾ,

ಹೆದ್ದಾರಿ 48ರಲ್ಲಿ ನಸುಕಿನ ಮೂರು ಗಂಟೆಗೆ ತೂಕಡಿಸಿ ಡಿವೈಡರ್ ಹತ್ತಿಸಿದವರು ನೀವು, ನಿಮ್ಮ ಹಣೆ ಹೊಲಿದವನು ನಾನು. ‘ನಿದ್ದೆಗಣ್ಣಲ್ಲಿ ಗಾಡಿ ಓಡಿಸ್ತೀಯಲ್ಲ, ನಾಚಿಕೆ ಆಗಲ್ವಾ’ ಎಂದು ಪೊಲೀಸಪ್ಪ ಗದರಿದಾಗ ಸೂಜಿ ಹಿಡಿದಿದ್ದ ನಾನೂ ತಲೆ ತಗ್ಗಿಸಿದೆ. ನಾನು ಎದ್ದದ್ದು ಹಿಂದಿನ ದಿನ ಬೆಳಿಗ್ಗೆ. ನಿಮ್ಮನ್ನು ಎಬ್ಬಿಸಲು ಪಕ್ಕದಲ್ಲಿ ಕ್ಲೀನರ್ ಆದರೂ ಇದ್ದ. ನನ್ನ ಕ್ಲೀನರ್, ಅಂದರೆ ಹೌಸ್ ಸರ್ಜನ್ ಹುಡುಗ, ಟ್ರೇ ಹಿಡಿದು ನಿಂತಲ್ಲೇ ನಿದ್ದೆ ಹೋಗಿದ್ದ.

ನಿಮ್ಮ ಬಾಯಿಗೆ ಮೆಷಿನ್ ಹಿಡಿದು ಊದಿಸಿದರು, ಸದ್ಯ ಸೊನ್ನೆ ಬಂತು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದಿದ್ದರೆ ಕೇಸು ಬೀಳುತ್ತಿತ್ತು. ಡ್ರೂ ಡಾಸನ್, ಕ್ಯಾಥರಿನ್ ರೀಡ್ ಎಂಬಿಬ್ಬರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. 24 ಗಂಟೆ ಎಚ್ಚರವಿದ್ದವನ ಕೈಗೂ ಕಣ್ಣಿಗೂ ಇರುವ ಹೊಂದಾಣಿಕೆ, ರಕ್ತದಲ್ಲಿ ಸುಮಾರು 100 ಮಿಲಿಗ್ರಾಂ ಏರಿಸಿಕೊಂಡವನ ಮಟ್ಟಕ್ಕೆ ಇಳಿದಿರುತ್ತದಂತೆ. ಅಂದರೆ ಹೆಚ್ಚುಕಡಿಮೆ ಕಾನೂನಿನ ಮಿತಿಯ ಮೂರು ಪಟ್ಟು ಮತ್ತಿನಲ್ಲಿದ್ದವನು, ಒಂದು ಹನಿಯೂ ಮುಟ್ಟದ ನಿಮ್ಮ ಹಣೆ ಹೊಲಿದಿದ್ದಾನೆ. ಡಾಕ್ಟರಿಗೆ ಊದಿಸುವ ಮೆಷಿನ್ ಇನ್ನೂ ಸ್ಟೋರ್ಸ್‌ಗೆ ಬಂದಿಲ್ಲ.

ಕಾಯ್ದೆಯ ವಿಷಯದಲ್ಲಿ ನೀವು ನಮಗಿಂತ ಹಿರಿಯರು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ನಿಮಗೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ಬರೆದಿತ್ತು. ನಿಮ್ಮ ಓನರ್ ಅದನ್ನು ಓದಿದ ಹಾಗೆ ಕಾಣುವುದಿಲ್ಲ, ಇರಲಿ. ಪಿ.ಜಿ.ಗಳಿಗೆ, ಅಂದರೆ ಸ್ನಾತಕೋತ್ತರ ಓದುತ್ತಲೇ ದುಡಿಯುವ ನಮ್ಮಂಥ ಡಾಕ್ಟರುಗಳಿಗೆ, ಆ ಭಾಗ್ಯ ಬಂದದ್ದು 1992ರಲ್ಲಿ. ಕೇಂದ್ರ ಸರ್ಕಾರದ ರೆಸಿಡೆನ್ಸಿ ಸ್ಕೀಮಿನ ಪ್ರಕಾರ ವಾರಕ್ಕೆ 48 ಗಂಟೆ, ಒಂದೇ ಸಮ 12 ಗಂಟೆಗಿಂತ ಹೆಚ್ಚಿಲ್ಲ, ಕೆಲಸದ ತುರ್ತು ಇಲ್ಲದಿದ್ದರೆ ವಾರಕ್ಕೊಂದು ರಜೆ. ತುರ್ತಿಲ್ಲದ ದಿನ ನೋಡಿದವರು ನಮ್ಮ ಯೂನಿಟ್ಟಿನಲ್ಲಿ ಯಾರೂ ಇಲ್ಲ. 48 ಎಂಬುದು ನಮಗೆ ಹೆದ್ದಾರಿಯ ನಂಬರು, ಅಷ್ಟೇ.

2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ನಮ್ಮ ಮಾನಸಿಕ ಆರೋಗ್ಯಕ್ಕಾಗಿ ಚಿಂತಿಸಿ, ವಾರಕ್ಕೆ 74 ಗಂಟೆ ಮೀರಬಾರದು ಎಂದು ಶಿಫಾರಸು ಮಾಡಿತು. ಐದು ದಿನ ಹತ್ತತ್ತು ಗಂಟೆ, ಒಂದು ದಿನ ಇಪ್ಪತ್ತನಾಲ್ಕು, ಒಂದು ದಿನ ರಜೆ. 48 ಪಾಲಿಸಲಾಗದವರಿಗೆ 74 ಕೊಟ್ಟು ಸುಧಾರಣೆ ಎಂದರು. ನಗಬೇಡಿ ಅಣ್ಣಾ, ಹೊಲಿಗೆ ಬಿಚ್ಚುತ್ತದೆ. ಆ ಇಪ್ಪತ್ತನಾಲ್ಕರ ಕೊನೆಗೆ ಏನಾಗುತ್ತದೆಂದು ಡಾಸನ್ ಹೇಳಿಯಾಗಿದೆ. ಆದರೂ ನಮ್ಮ ರೋಸ್ಟರ್ ಮುಂದೆ ಇಟ್ಟರೆ ಈ 74 ಬೇಸಿಗೆ ರಜೆಯಂತೆ ಕಾಣುತ್ತದೆ.

ಸೂಜಿ ಚುಚ್ಚುವಾಗ ‘ಯಾಕೆ ಸಾರ್ ಹೀಗೆ?’ ಅಂದಿರಿ. ಈ ನಿದ್ದೆಗೇಡಿನ ಮೂಲ ಅಮೆರಿಕದಲ್ಲಿದೆ. ಅಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆದದ್ದು 1889ರಲ್ಲಿ. ಕಲಿಯುವ ಸರ್ಜನ್ ಆಸ್ಪತ್ರೆಯಲ್ಲೇ ಬಿದ್ದಿರಬೇಕು ಎಂಬ ಪದ್ಧತಿ ಬೆಳೆಸಿದವರು ಅಲ್ಲಿನ ವಿಲಿಯಂ ಹಾಲ್‌ಸ್ಟೆಡ್. ಮಹಾನುಭಾವರು ಕೊಕೇನನ್ನು ತಮಗೇ ಚುಚ್ಚಿಕೊಂಡು ಪ್ರಯೋಗ ಮಾಡಿ ಅದರ ದಾಸರಾದರು, ಆಮೇಲೆ ಮಾರ್ಫಿನ್ ಹಿಡಿದರು. ಪದ್ಧತಿ ನಮ್ಮವರೆಗೂ ಬಂತು. ಕೊಕೇನ್ ಬದಲು ಕ್ಯಾಂಟೀನಿನ ಬೈಟು ಟೀ ಸಿಕ್ಕಿತು. ‘ನಮ್ಮ ಕಾಲದಲ್ಲಿ ನಾವು ಮಲಗ್ತಾನೇ ಇರಲಿಲ್ಲ’ ಎಂದು ಪ್ರೊಫೆಸರ್ ಹೇಳುವುದು ಬೆಳಿಗ್ಗೆ ಎಂಟರ ರೌಂಡ್ಸ್‌ನಲ್ಲಿ, ಸ್ನಾನ ಮುಗಿಸಿ, ತಲೆ ಬಾಚಿಕೊಂಡು ಬಂದು.

ಮೊನ್ನೆ ಕಮ್ಯುನಿಟಿ ಮೆಡಿಸಿನ್ ಪಿ.ಜಿ. ಒಬ್ಬ ಥೀಸಿಸ್ಸಿಗೆಂದು ನಿದ್ದೆಯ ಗುಣಮಟ್ಟ ಅಳೆಯುವ ಫಾರಂ ತಂದ. ಪಿಟ್ಸ್‌ಬರ್ಗ್ ಸೂಚ್ಯಂಕ ಅಂತೆ. ಒಟ್ಟು 21 ಅಂಕ, 5 ದಾಟಿದರೆ ನಿದ್ದೆ ಕೆಟ್ಟದ್ದು. ಯಾವ ಪರೀಕ್ಷೆಯಲ್ಲೂ ನನಗೆ ಇಷ್ಟು ಸಲೀಸಾಗಿ ಅಂಕ ಬಂದಿರಲಿಲ್ಲ. ‘ಎಷ್ಟು ಗಂಟೆಗೆ ಹಾಸಿಗೆ ಸೇರುತ್ತೀರಿ?’ ಎಂದು ಕೇಳಿದ. ಹಾಸಿಗೆ ಎಂದರೆ ಡ್ಯೂಟಿ ರೂಮಿನ ಕಬ್ಬಿಣದ ಮಂಚ, ಮೂವರಿಗೆ ಒಂದು, ತಲೆದಿಂಬಿಗೆ ಹತ್ತಿಯ ಬಂಡಲ್. ‘ನಿದ್ದೆ ಹತ್ತಲು ಎಷ್ಟು ನಿಮಿಷ?’ ಲಿಫ್ಟು ಎರಡು ಮಹಡಿ ಏರುವಷ್ಟರಲ್ಲಿ ನನಗೆ ಕನಸೇ ಬಿದ್ದಿತ್ತು. ಜೊತೆಗೆ ಮಲಗುವವರಿಗೂ ಐದು ಪ್ರಶ್ನೆಗಳಿವೆ. ಜೊತೆಯವನು ಗೊರಕೆಯಲ್ಲೇ ಉತ್ತರಿಸಿದ.

ಮಂಚವೂ ಸಿಗದವರು ಸೆಮಿನಾರ್ ಹಾಲಿಗೆ ಹೋಗುತ್ತಾರೆ. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಹಾಗೆ ಹೋದ ಪಿ.ಜಿ. ವೈದ್ಯೆ ಅತ್ಯಾಚಾರಕ್ಕೊಳಗಾಗಿ ಕೊಲೆಯಾದದ್ದು ನಿಮಗೂ ಗೊತ್ತು. ಅದರ ಮೇಲೆ ತಮಾಷೆ ಮಾಡಲು ನನಗೆ ಬರುವುದಿಲ್ಲ.

ಹೌಸ್ ಸರ್ಜನ್ ಬರೆದ ನಿಮ್ಮ ಕೇಸ್ ಶೀಟನ್ನು ಬೆಳಿಗ್ಗೆ ನೋಡಿದೆ. ಬಿಪಿ 130/80, ನಾಡಿ 92. ಅದರ ಕೆಳಗೆ ‘ಇಡ್ಲಿ ಎರಡು, ಚಟ್ನಿ ಬೇರೆ’. ಅಲ್ಲಿಂದ ಪೆನ್ನು ಗೆರೆ ಎಳೆಯುತ್ತಾ ಹಾಳೆಯ ಅಂಚಿಗೆ ಹೋಗಿ ನಿಂತಿದೆ, ಥೇಟ್ ನಿಮ್ಮ ಲಾರಿ ಡಿವೈಡರಿಗೆ ಹೋದ ಹಾಗೆ. ಇದು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು, ನಾಳೆ ಕೋರ್ಟಿನಲ್ಲಿ ವಕೀಲರು ಇಡ್ಲಿಯ ಬಗ್ಗೆ ಕೇಳಿಯೇ ಕೇಳುತ್ತಾರೆ. ಹಸಿದಿದ್ದಿರಿ ಎಂದು ಹೇಳಿಬಿಡಿ.

ಹೊಲಿಗೆ ಬಿಚ್ಚಿಸಲು ವಾರ ಬಿಟ್ಟು ಬನ್ನಿ. ಸೋಮವಾರ ಬೇಡ, ನಮ್ಮ ಅಡ್ಮಿಷನ್ ಡೇ. ಮಂಗಳವಾರವಂತೂ ಬೇಡವೇ ಬೇಡ. ಬುಧವಾರ ಓಟಿ. ಗುರುವಾರ ಹನ್ನೊಂದರೊಳಗೆ ಬಂದರೆ ಕಣ್ಣು ಬಿಟ್ಟಿರುತ್ತೇನೆ. ಬರುವಾಗ ನಿಮ್ಮ ಡ್ರೈವರ್ ಸಂಘದ ಸದಸ್ಯತ್ವದ ಫಾರಂ ನಾಲ್ಕಾರು ತನ್ನಿ, ನಮ್ಮ ಯೂನಿಟ್ಟಿನವರೆಲ್ಲ ಸೇರುತ್ತೇವೆ.

ಇಂತಿ ನಿಮ್ಮ,
ಎರಡನೇ ವರ್ಷದ ಸರ್ಜರಿ ಪಿ.ಜಿ.
(ಪರೀಕ್ಷೆ ಪಾಸಾಗಬೇಕು, ಹೆಸರು ಬರೆದಿಲ್ಲ.)