ಸ್ಲೋದಲ್ಲಿ ನಿಲ್ತಿಲ್ಲ

ನಮ್ಮ ಮನೆಯ ಗಾಡಿ 1996ರ ಮಾರುತಿ 800. ನಾನು ಅದರ ಮೂರನೆಯ ಯಜಮಾನ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಮುಂದೆ ನಿಲ್ಲಿಸಿ, ಆಯುಷ್ಯ ಬೇಡಿಕೊಂಡು ಬರುತ್ತಿದ್ದೇನೆ. ಓಡುವುದಕ್ಕೆ ಅದು ಇವತ್ತಿಗೂ ತಕರಾರು ತೆಗೆದದ್ದಿಲ್ಲ. ತಕರಾರೆಲ್ಲ ನಿಲ್ಲುವುದರಲ್ಲಿ. ಗಾಡಿ ನಿಂತಿತೋ, ಎಂಜಿನ್ನೂ ಆರಿಹೋಗುತ್ತಿತ್ತು.

ಬೆಂಗಳೂರಿನಲ್ಲಿ ಇದು ಸಣ್ಣ ಕಾಯಿಲೆಯಲ್ಲ. ಇಲ್ಲಿ ಕಾರಿನ ಮುಖ್ಯ ಕೆಲಸವೇ ನಿಲ್ಲುವುದು. ನಡುನಡುವೆ ಸ್ವಲ್ಪ ಓಡುವುದೂ ಉಂಟು, ಅಷ್ಟೆ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಆಫ್ ಮಾಡಿ ಎಂದು ಫಲಕ ಹಾಕಿರುತ್ತಾರಲ್ಲ, ಅದನ್ನು ಓದಿ ಪಾಲಿಸುತ್ತಿದ್ದದ್ದು ನನ್ನ ಕಾರು ಒಂದೇ ಇರಬೇಕು. ಹಸಿರು ದೀಪ ಬಿದ್ದಾಗ ಮಾತ್ರ ಅದು ಫಲಕದ ಮುಂದಿನ ಸಾಲು ಓದುತ್ತಿರಲಿಲ್ಲ. ಹಿಂದಿನ ಹಾರನ್ನುಗಳ ನಡುವೆ ನಾನು ಕೀಲಿ ತಿರುಗಿಸುತ್ತ, ಯಾರ ಕಣ್ಣಿಗೂ ಬೀಳದಂತೆ ಮುಖವನ್ನು ಸ್ಟೀರಿಂಗಿನ ಮರೆಗೆ ಇಳಿಸುತ್ತಿದ್ದೆ.

ಉಪಾಯವೊಂದಿತ್ತು: ನಿಂತಾಗಲೆಲ್ಲ ಆಕ್ಸಿಲರೇಟರ್ ಒತ್ತಿ ರೇಸ್ ಕೊಡುತ್ತಿರುವುದು. ಸಮತಟ್ಟು ರಸ್ತೆಯಲ್ಲಿ ಇದು ನಡೆಯುತ್ತದೆ. ಏರಿನಲ್ಲಿ ನಿಂತಾಗ ಕ್ಲಚ್ಚಿಗೊಂದು ಕಾಲು, ಬ್ರೇಕಿಗೊಂದು ಕಾಲು, ರೇಸಿಗೊಂದು ಕಾಲು ಬೇಕು. ದೇವರು ಕೊಟ್ಟದ್ದು ಎರಡು. ಬಲಗಾಲಿನ ಹಿಮ್ಮಡಿಯಲ್ಲಿ ಬ್ರೇಕು, ಕಿರುಬೆರಳಿನ ಕಡೆಯಿಂದ ರೇಸು ಎಂದು ಒಂದು ಭಂಗಿ ಕಲಿತೆ. ನನ್ನಾಕೆ ಅದನ್ನು ನೋಡಿ, "ಯೋಗಾಸನದ ಕ್ಲಾಸಿಗೆ ದುಡ್ಡು ಕೊಡೋದು ಇನ್ನು ಬೇಡ ಬಿಡಿ" ಎಂದಳು.

ಎಮಿಷನ್ ಟೆಸ್ಟಿನಲ್ಲಂತೂ ಮಾನವೇ ಹೋಯಿತು. ಪೆಟ್ರೋಲ್ ಕಾರಿನ ಹೊಗೆಯನ್ನು ಅಳೆಯುವುದು ಅದು ನಿಂತಲ್ಲೇ ಗುರ್‌ಗುಟ್ಟುತ್ತಿರುವಾಗ. ಹುಡುಗ ಸೈಲೆನ್ಸರಿಗೆ ಕೊಳವೆ ತೂರಿಸುತ್ತಾನೆ, ಕಂಪ್ಯೂಟರ್ ಕಡೆ ತಿರುಗುತ್ತಾನೆ, ಅಷ್ಟರಲ್ಲಿ ಗಾಡಿ ಮೌನ. ಮೂರನೆಯ ಸಲ ಅವನು, "ಸಾರ್, ಇದ್ರಲ್ಲಿ ಹೊಗೇನೇ ಇಲ್ವಲ್ಲ" ಎಂದ. ಹೊಗಳಿದನೋ ಬೈದನೋ ತಿಳಿಯಲಿಲ್ಲ.

ಸುಮ್ಮನೆ ನಿಂತ ಗಾಡಿಯ ಎಂಜಿನ್ನೂ ಸುಮ್ಮನಿರುತ್ತದೆ ಎಂದು ನಾನು ತಿಳಿದಿದ್ದೆ. ಲೆಕ್ಕ ಹಾಕಿದರೆ ಹಾಗಿಲ್ಲ. ಈ 796 ಸಿಸಿಯ ಪುಟ್ಟ ಎಂಜಿನ್ನಿಗೆ ಮೂರೇ ಸಿಲಿಂಡರ್. ಗ್ಯಾರೇಜಿನವರು ಸ್ಲೋ ಎನ್ನುವ ಈ ಸ್ಥಿತಿಯಲ್ಲಿ ನಿಮಿಷಕ್ಕೆ 900 ಸುತ್ತು ಸುತ್ತುತ್ತಿದೆ ಎನ್ನಿ; ಒಳಗೆ ನಿಮಿಷಕ್ಕೆ 1,350 ಸಲ ಕಿಡಿ ಹಾರಿ ಪೆಟ್ರೋಲ್ ಉರಿಯಬೇಕು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಕಾರ್ಬೊರೇಟರಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಆ ಬಿರುಕಿನಲ್ಲಿ ನುಸುಳಿದಷ್ಟೇ ಗಾಳಿ, ಕೂದಲೆಳೆಯಂಥ ದಾರಿಯಲ್ಲಿ ಜಿನುಗಿದಷ್ಟೇ ಪೆಟ್ರೋಲ್. ತಿಂಗಳ ಕೊನೆಯಲ್ಲಿ ಸಂಸಾರ ನಡೆಸಿದ ಹಾಗೆ. ಹಣ ಓಡಾಡುವ ದಿನಗಳಲ್ಲಿ ಯಾರ ಗಮನಕ್ಕೂ ಬಾರದ ಸೋರಿಕೆ ಆಗ ಮನೆಯನ್ನೇ ಅಲ್ಲಾಡಿಸಿಬಿಡುತ್ತದೆ.

ಮೊದಲನೆಯ ಗ್ಯಾರೇಜಿನವನು ಕಾರ್ಬೊರೇಟರ್ ಬಿಚ್ಚಿ ತೊಳೆದ. ಸೂಜಿ ಕಣ್ಣಿನಷ್ಟು ಸಣ್ಣ ತೂತಿನ ಜೆಟ್ಟನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದ. ಆಚೆಯ ಆಕಾಶ ಕಂಡಿತು. ನಾಲ್ಕು ದಿನ ಗಾಡಿ ಸ್ಲೋದಲ್ಲಿ ನಿಂತಿತು. ಐದನೆಯ ದಿನ ಮತ್ತೆ ಅದೇ ಕಥೆ. ಎರಡನೆಯವನು ಪ್ಲಗ್ಗು, ವೈರು ಎರಡೂ ಬದಲಾಯಿಸಿ, "ಸೊಲೆನಾಯ್ಡ್ ಹೋಗಿದೆ" ಎಂದ. ಕೀಲಿ ತಿರುಗಿಸಿದಾಗ ಟಿಕ್ ಎಂದು ಪೆಟ್ರೋಲಿಗೆ ದಾರಿ ಬಿಡುವ, ಆಫ್ ಮಾಡಿದಾಗ ದಾರಿ ಮುಚ್ಚುವ ಬೆರಳಿನ ಗಾತ್ರದ ವಸ್ತು ಅದು. ಹೊಸದನ್ನು ಹಾಕುವ ಬದಲು ಅವನು ಅದರ ಮೂತಿಯನ್ನೇ ಕತ್ತರಿಸಿ ಕೂರಿಸಿದ. "ಇನ್ನು ಜೀವಮಾನಕ್ಕೆ ತೊಂದ್ರೆ ಇಲ್ಲ ಸಾರ್." ಜೊತೆಗೆ ಸ್ಲೋ ಸ್ಪೀಡನ್ನೂ ಏರಿಸಿದ. ಅಂದು ಸಂಜೆ ಮನೆ ಮುಂದೆ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೆ. ಎಂಜಿನ್ ನಿಲ್ಲಲಿಲ್ಲ. ಕೀಲಿಯಿಲ್ಲದೆ, ಕಿಡಿಯಿಲ್ಲದೆ, ಬಿಸಿಯ ಮೇಲೇ ಗಡಗಡ ಎಂದು ಏಳೆಂಟು ಸುತ್ತು ತಿರುಗಿ, ಮೈಮೇಲೆ ಬಂದದ್ದು ಇಳಿದವರ ಹಾಗೆ ಒಮ್ಮೆ ನಡುಗಿ ತಣ್ಣಗಾಯಿತು. ನಿಲ್ಲಬೇಡ ಎಂದಲ್ಲಿ ನಿಲ್ಲುತ್ತಿದ್ದ ಗಾಡಿ ಈಗ ನಿಲ್ಲು ಎಂದರೂ ನಿಲ್ಲದಾಗಿತ್ತು.

ಮೂರನೆಯವನು ಬಾನೆಟ್ ಎತ್ತಿದವನೇ ಸ್ಕ್ರೂ ತಿರುಗಿಸಿದ. ಕಾರ್ಬೊರೇಟರಿನಲ್ಲಿ ಕೈಗೆಟಕುವ ಸ್ಕ್ರೂಗಳು ಎರಡು: ಒಂದು ಸ್ಲೋ ಸ್ಪೀಡಿನದು, ಇನ್ನೊಂದು ಗಾಳಿಗೆ ಬೆರೆಯುವ ಪೆಟ್ರೋಲಿನದು. ಇವು ಹೊರಗೆ ಕಾಣುವಂತೆ ಇರುವುದೇ ಅನರ್ಥಕ್ಕೆ ಮೂಲ. ಹೋಗುತ್ತ ಬರುತ್ತ ಯಾರು ಬೇಕಾದರೂ ತಿರುಗಿಸಬಹುದು. ಒಂದು ಸ್ಕ್ರೂಡ್ರೈವರ್ ಕೊಂಡು ಡ್ಯಾಶ್‌ಬೋರ್ಡಿನಲ್ಲಿಟ್ಟುಕೊಂಡು ನಾನೂ ಶುರುಮಾಡಿದೆ. ಬೆಳಿಗ್ಗೆ ಕಾಲು ಸುತ್ತು ಹೊರಗೆ, ಸಂಜೆ ಅರ್ಧ ಸುತ್ತು ಒಳಗೆ. ಗಾಡಿಗೆ ಗುಣವಾಗದಿದ್ದರೂ ನನ್ನ ಮನಸ್ಸಿಗೆ ಹಿತವಾಗಿತ್ತು. ತಮ್ಮನ ಮಗ ಎಂಜಿನಿಯರು, ಒಂದು ಭಾನುವಾರ ಕಾರಿನ ದೋಷ ಓದುವ ಸ್ಕ್ಯಾನರ್ ತಂದು, "ದೊಡ್ಡಪ್ಪ, ಇದನ್ನ ಚುಚ್ಚೋ ಪೋರ್ಟ್ ಎಲ್ಲಿ?" ಎಂದು ಹತ್ತು ನಿಮಿಷ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ತಡಕಾಡಿದ. ಅವನ ಕಾರಿನಲ್ಲಿ ಹೊಗೆಯ ರುಚಿ ನೋಡಿ ಪೆಟ್ರೋಲ್ ಅಳೆಯುವುದಕ್ಕೆ ಸೆನ್ಸರಿದೆ, ಕಂಪ್ಯೂಟರಿದೆ. ಇದರಲ್ಲಿ ಇರುವ ಕಂಪ್ಯೂಟರ್ ನಾನೇ.

ಕೊನೆಗೆ ಕಾಯಿಲೆ ಸಿಕ್ಕಿದ್ದು ಶಿರಾಡಿ ಘಾಟಿಯ ಕೆಳಗೆ. ಮಾವನ ಮನೆಯ ಮದುವೆಗೆಂದು ಪುತ್ತೂರಿಗೆ ಹೊರಟಿದ್ದೆವು. ಘಾಟಿ ಇಳಿಯುತ್ತ ಇಳಿಯುತ್ತ ರೋಗ ಉಲ್ಬಣಿಸಿತು. ಉಪ್ಪಿನಂಗಡಿಗೆ ಮುಂಚೆ, ಅಡಿಕೆ ತೋಟದ ಅಂಚಿನ ಒಂದು ಶೀಟ್ ಮಾಡಿನ ಗ್ಯಾರೇಜಿನೆದುರು ಗಾಡಿ ತಾನಾಗಿಯೇ ನಿಂತಿತು. ಅರವತ್ತು ದಾಟಿದ ಮೇಸ್ತ್ರಿ. ಲುಂಗಿ ಮೇಲೆ ಕಟ್ಟಿದ್ದರು, ಕಿವಿಯಲ್ಲಿ ಬೀಡಿ.

"ಎಂತ ಆಯ್ತು ಮಾರಾಯ್ರೆ?"

"ಸ್ಲೋದಲ್ಲಿ ನಿಲ್ತಿಲ್ಲ."

"ಬೆಳಿಗ್ಗೆ ಚೋಕ್ ಎಳೆದು ಗಾಳಿ ಕಟ್ಟಿದ್ರೆ ನಿಲ್ತದಾ?"

"ನಿಲ್ಲುತ್ತೆ."

"ಬಿಸಿಯಾಗಿ ಚೋಕ್ ತೆಗೆದ ಮೇಲೆ ಇಲ್ಲ. ಓಡುವಾಗ ಎಂತದೂ ಇಲ್ಲ. ಘಾಟಿ ಇಳಿದ ಮೇಲೆ ಜಾಸ್ತಿ ಆಯ್ತು. ಹೌದಾ ಅಲ್ವಾ?"

ಪ್ರಶ್ನೆ ಇಡುವ ಜೋಯಿಸರೆದುರು ಕೂತಂತೆ ತಲೆಯಾಡಿಸಿದೆ. ಬಾನೆಟ್ಟನ್ನು ಅವರಿನ್ನೂ ಎತ್ತಿರಲಿಲ್ಲ.

"ಪೆಟ್ರೋಲ್ ಕಮ್ಮಿ ಅಲ್ಲ ಇದಕ್ಕೆ, ಗಾಳಿ ಜಾಸ್ತಿ. ಎಲ್ಲಿಂದಲೋ ಕದ್ದು ಎಳೀತಾ ಉಂಟು." ನನ್ನ ಕಡೆ ತಿರುಗಿ, "ಬೊಂಡ ಕುಡೀತೀರಾ?" ಎಂದರು. ಬೋಂಡ ಕುಡಿಯುವುದು ಹೇಗೆ ಎಂದು ಬೆಂಗಳೂರಿನ ನಾನು ಪೆಚ್ಚಾಗಿ ನೋಡುತ್ತಿದ್ದಂತೆ ಪುತ್ತೂರಿನ ನನ್ನಾಕೆ, "ಎಳನೀರು ಕಣ್ರೀ" ಎಂದಳು. ಎಳನೀರು ಬಂತು. ನಾನು ಹೀರುತ್ತಿದ್ದ ಕೊಳವೆಯನ್ನೇ ತೋರಿಸಿ ಅವರು ವಿವರಿಸಿದರು: "ಇದರ ನಡುವೆ ಒಂದು ಪಿನ್ ಚುಚ್ಚಿ ನೋಡಿ. ನೀವು ಎಷ್ಟು ಎಳೆದ್ರೂ ಗಾಳಿಯೇ ಬರುವುದು."

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ಅಲ್ಲಿ ಗಾಳಿ ತೆಳು. ಅಲ್ಲಿಯ ಗಾಳಿಗೆ ಕೂರಿಸಿದ ಸ್ಕ್ರೂ ಘಾಟಿಯ ಕೆಳಗಿನ ದಪ್ಪ ಗಾಳಿಗೆ ಸಾಲದು. ಇತ್ತ ಕದ್ದು ಬರುವ ಗಾಳಿಯೂ ಸೇರಿದರೆ ಪೆಟ್ರೋಲು ಹೆಸರಿಗಷ್ಟೇ. ಮೂರು ಗ್ಯಾರೇಜಿನವರಿಗೆ ಹೊಳೆಯದ್ದು ಇವರಿಗೆ ಹೊಳೆದದ್ದಕ್ಕೆ ಅರ್ಧ ಪುಣ್ಯ ಶಿರಾಡಿ ಘಾಟಿಗೇ ಸಲ್ಲಬೇಕು.

ಗೋಡೆಗೆ ತೂಗುಹಾಕಿದ್ದ ಒಂದು ಮಾರುದ್ದದ ರಬ್ಬರ್ ಪೈಪು ತೆಗೆದರು. ಒಂದು ತುದಿ ಕಿವಿಯೊಳಗೆ, ಇನ್ನೊಂದು ತುದಿ ಎಂಜಿನ್ನಿನ ಸಂದಿಗೊಂದಿಗಳಲ್ಲಿ. ಒಳಗೆ ಕೂತ ನಾನು ರೇಸ್ ಕೊಟ್ಟು ಗಾಡಿಯನ್ನು ಜೀವಂತ ಹಿಡಿದಿದ್ದೆ. ಕಾರ್ಬೊರೇಟರಿನ ಬುಡ ಆಯಿತು, ಪೈಪುಗಳ ಸಂದು ಆಯಿತು. ಮ್ಯಾನಿಫೋಲ್ಡಿನ ಹಿಂಬದಿಗೆ ಹೋದಾಗ ಕೈ ನಿಂತಿತು. ಬೆರಳು ಒತ್ತಿದರು. "ಕಾಲು ತೆಗೀರಿ" ಎಂದರು. ತೆಗೆದೆ. ಎಂಜಿನ್ ಆರಲಿಲ್ಲ. ಬೆರಳು ಎತ್ತಿದರು; ಆರಿತು.

ಹಿಂದಿನ ಯಜಮಾನರು ಯಾವ ಕಾಲದಲ್ಲೋ ಗ್ಯಾಸ್ ಕಿಟ್ ಹಾಕಿಸಿ ತೆಗೆಸಿದ್ದರಂತೆ. ಕಿಟ್ ಹೋಯಿತು, ಅದಕ್ಕೆಂದು ಕೂರಿಸಿದ್ದ ಕಿರಿದಾದ ತೂತಿನ ಕೊಳವೆ ಮ್ಯಾನಿಫೋಲ್ಡಿನಲ್ಲೇ ಉಳಿಯಿತು. ಅದರ ಬಾಯಿಗೆ ಯಾರೋ ಒಂದು ರಬ್ಬರ್ ಟೋಪಿ ಹಾಕಿದ್ದರು. ಬೀಡಿಯ ತುಂಡಿನಷ್ಟಿತ್ತು. ಬಿಸಿಗೆ ಒಣಗಿ, ಹಪ್ಪಳದಂತಾಗಿ, ನೆತ್ತಿ ಸೀಳಿತ್ತು. ನಮಗೆಲ್ಲ ಇಷ್ಟು ದಿನ ಟೋಪಿ ಹಾಕಿದ್ದು ನಿಜಕ್ಕೂ ಒಂದು ಟೋಪಿಯೇ.

ಈಗಿನ ಪೆಟ್ರೋಲಿನ ಪಾಲೂ ಇರಬಹುದೇ ಎಂದು ಕೇಳಿದೆ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಸೇರಿರುತ್ತದೆ; ಅದೂ ಗಾಳಿ ಹೆಚ್ಚಾದ ಹಾಗೆಯೇ. ಹೊಸ ಕಾರಿನ ಕಂಪ್ಯೂಟರ್ ಅದನ್ನು ಸರಿದೂಗಿಸುತ್ತದೆ, ಕಾರ್ಬೊರೇಟರಿಗೆ ಗೊತ್ತೇ ಆಗುವುದಿಲ್ಲ. ಹಳೆಯ ರಬ್ಬರಿಗೂ ಅದು ಒಗ್ಗದು. ಮೇಸ್ತ್ರಿ ಅಷ್ಟು ದೂರ ಹೋಗಲಿಲ್ಲ. "ಪ್ರಾಯ ಆಯ್ತು ಮಾರಾಯ್ರೆ ಅದಕ್ಕೆ" ಎಂದರು.

ಹೊಸ ಟೋಪಿ, ಅದಕ್ಕೊಂದು ಕ್ಲಿಪ್ಪು. ಆಮೇಲೆ ಪೆಟ್ರೋಲಿನ ಸ್ಕ್ರೂ ಒಳಗೆ ತಿರುಗಿಸುತ್ತ ಎಣಿಸಿದರು: ಒಂದು, ಎರಡು, ಮೂರು, ನಾಲ್ಕು, ನಾಲ್ಕೂವರೆ. "ಯಾರು ಇದನ್ನು ಇಷ್ಟು ಹೊರಗೆ ತಂದದ್ದು?" ನಾನು ಅಡಿಕೆ ತೋಟದ ಕಡೆ ನೋಡಿದೆ. ನನ್ನಾಕೆ ನನ್ನ ಕಡೆ ನೋಡಿದಳು. ಎರಡು ಸುತ್ತಿಗೆ ತಂದು, ಕಿವಿಗೊಟ್ಟು, ಕೂದಲೆಳೆಯಷ್ಟು ಅತ್ತಿತ್ತ ಮಾಡಿ, ಬಾನೆಟ್ಟಿನ ಮೇಲೆ ಎಳನೀರಿನ ಲೋಟ ಇಟ್ಟರು. ನೀರಿನಲ್ಲಿ ಸಣ್ಣ ಅಲೆ ಇತ್ತು. ಮೂರು ಸಿಲಿಂಡರಿನದು ಅಷ್ಟು ಅಲುಗಿಯೇ ಅಲುಗುತ್ತದೆ, ಆ ನಡುಕ ಹೋಗಲಾಡಿಸಲು ಹೋಗಬೇಡಿ ಎಂದರು. ಕೇಳಿದ್ದು ನೂರು ರೂಪಾಯಿ, ಬೊಂಡದ್ದು ಬೇರೆ.

ಹೊರಡುವಾಗ ಕಿಟಕಿಗೆ ಬಗ್ಗಿ, "ಆ ಸೊಲೆನಾಯ್ಡ್ ಒಂದು ನಿಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ಹಾಕಿಸಿ. ಮತ್ತೆ, ಮೇಲೆ ಹೋದ ನಂತರ ಪೆಟ್ರೋಲ್ ವಾಸನೆ ಬಂದ್ರೆ ಸ್ಕ್ರೂ ಕಾಲು ಸುತ್ತು ಒಳಗೆ. ಕಾಲೇ ಸುತ್ತು, ಆಯ್ತಾ?" ಎಂದರು. ಹೇಳಿದ್ದು ನನಗಲ್ಲ, ನನ್ನಾಕೆಗೆ.

ಮದುವೆ ಮುಗಿಸಿ ಬೆಂಗಳೂರಿಗೆ ಬಂದು ವಾರವಾಯಿತು. ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲುತ್ತದೆ, ಎಂಜಿನ್ ಉರಿಯುತ್ತಿರುತ್ತದೆ, ನನ್ನ ಬಲಗಾಲು ಮಾತ್ರ ಇನ್ನೂ ಹಳೆಯ ಆಸನದಲ್ಲೇ ಇದೆ. ಪೆಟ್ರೋಲ್ ವಾಸನೆ ಒಂಚೂರು ಬರುತ್ತಿದೆ ಎಂದು ನನ್ನ ಅನುಮಾನ. ಕಾಲು ಸುತ್ತು ತಿರುಗಿಸೋಣವೆಂದು ನಿನ್ನೆ ಡ್ಯಾಶ್‌ಬೋರ್ಡ್ ತೆರೆದೆ. ಸ್ಕ್ರೂಡ್ರೈವರ್ ಇರಲಿಲ್ಲ. ಎಲ್ಲಿ ಎಂದು ಕೇಳಿದರೆ, "ನನಗೇನೂ ವಾಸನೆ ಬರ್ತಿಲ್ಲಪ್ಪ" ಎಂದಳು.