ಎರಡೂವರೆ ತಾಸಿನ ಅಮೆರಿಕ

ದೂರದ ಎರಡು ಊರುಗಳ ನಡುವಿನ ವಿಮಾನದಾರಿಯನ್ನು ಭೂಗೋಳತಜ್ಞರು ಮಹಾವೃತ್ತದ ಮೇಲೆ, ಅಂದರೆ ಭೂಮಿಯನ್ನು ಸರಿಸಮನಾದ ಎರಡು ಹೋಳಾಗಿಸುವ ವೃತ್ತದ ಮೇಲೆ, ಅಳೆಯುತ್ತಾರೆ; ಶಿಗ್ಗಾಂವಿ ತಾಲ್ಲೂಕಿನ ತಡಸದ ಹಿರಿಯರು ಅದನ್ನು ಕೈಗಡಿಯಾರದ ಮೇಲೆ ಅಳೆಯುತ್ತಾರೆ. ಈ ಎರಡು ಪದ್ಧತಿಗಳ ತಿಕ್ಕಾಟದಿಂದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಕನ್ನಡ ಮನೆಯೊಂದರಲ್ಲಿ ಈ ಚಳಿಗಾಲ ಹೊತ್ತಿಕೊಂಡ ಜಗಳ ಇನ್ನೂ ಆರದಿರುವುದರಿಂದ, ಅದನ್ನು ಶಾಸ್ತ್ರೀಯವಾಗಿ ಪರಿಶೀಲಿಸುವುದು ಉಚಿತ.

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಸುಮಾರು 14,000 ಕಿಲೋಮೀಟರ್ ಅಂತರವಿದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನವನ್ನು ಅಲ್ಲಿಂದ ಉತ್ತರ ಧ್ರುವದ ಮೇಲೆ ಹಾರಿಸಿ ಬೆಂಗಳೂರಿಗೆ ತರಲು 17 ಗಂಟೆಗೂ ಹೆಚ್ಚು ಬೇಕಾಯಿತು. ಇಷ್ಟು ದೂರದಿಂದ ಹಬ್ಬಕ್ಕೆ ಊರಿಗೆ ಬರಲಾಗದೆಂಬ ಆ ಮನೆಯ ಮಗನ ವಾದಕ್ಕೆ ಇಷ್ಟು ಆಧಾರ ಸಾಕಿತ್ತು, ತಡಸದಿಂದ ಬಂದಿದ್ದ ತಂದೆಗೆ ಸಾಲಲಿಲ್ಲ. ಅವರ ವಿಮಾನ ಬೆಂಗಳೂರನ್ನು ಮಧ್ಯಾಹ್ನ ಎರಡೂವರೆಗೆ ಬಿಟ್ಟು, ಪೆಸಿಫಿಕ್ ಸಾಗರದ ದಿನರೇಖೆಯನ್ನು, ಅಂದರೆ ತಾರೀಖು ಬದಲಾಗುವ ಗೆರೆಯನ್ನು, ದಾಟಿ ಅದೇ ದಿನ ಸಂಜೆ ಐದಕ್ಕೆ ಇಳಿದಿತ್ತು. ಕ್ಯಾಲಿಫೋರ್ನಿಯಾದ ಗಡಿಯಾರ ಚಳಿಗಾಲದಲ್ಲಿ ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುವುದರಿಂದ ನಿಜವಾದ ಪ್ರಯಾಣ ಹದಿನಾರು ಗಂಟೆಯದು. ಆದರೆ ಅದರ ಬಹುಪಾಲನ್ನು ಗೊರಕೆಯಲ್ಲಿ ಕಳೆದ ಅಜ್ಜನಿಗೆ ಈ ಲೆಕ್ಕ ಮಗನು ಕಟ್ಟಿದ ನೆಪವಾಗಿಯೇ ಕಂಡಿತು.

“ನಿನ್ನ ತಮ್ಮ ಬೆಂಗಳೂರಿಂದ ಏಳೆಂಟು ತಾಸು ಬಸ್ಸಿನ್ಯಾಗ ಕುಂತು ಹಬ್ಬಕ್ಕ ಬರ್ತಾನ. ಎರಡೂವರೆ ತಾಸಿನ ದಾರಿ ನಿನಗ ದೂರಾತೇನಲೇ?”

ಮೊಮ್ಮಗಳು ಭೂಗೋಳದ ಮೇಲೆ ದಾರ ಬಿಗಿದು ಅತಿ ಹತ್ತಿರದ ದಾರಿ ಉತ್ತರಕ್ಕೆ ಬಾಗುವುದನ್ನೂ, ಭೂಮಿ ತಿರುಗುವಂತೆ ಹೊತ್ತು ಬೇರೆಯಾಗುವುದನ್ನೂ ತೋರಿಸಿದಳು. “ಗಡಿಯಾರ ಸುಳ್ಳು ಹೇಳೂದಿಲ್ಲವ್ವಾ, ನಿಮ್ಮಪ್ಪ ಹೇಳ್ತಾನ” ಎಂಬ ಉತ್ತರದಿಂದ ಖಗೋಳಶಾಸ್ತ್ರದ ಬಾಯಿ ಕಟ್ಟಿತು. ಮುಂದಿನ ದಿನಗಳಲ್ಲಿ ಸೂಪರ್ ಮಾರ್ಕೆಟ್ಟಿನಲ್ಲಿ ಸಿಕ್ಕ ದಾವಣಗೆರೆಯವರಿಗೂ, ಉದ್ಯಾನದಲ್ಲಿ ಸಿಕ್ಕ ಗುಜರಾತಿ ಅಜ್ಜನಿಗೂ ಈ ಎರಡೂವರೆ ತಾಸಿನ ಸಂಗತಿ ತಲುಪಿ, ಬೆಂಗಳೂರಿಗಿಂತ ಅಮೆರಿಕವೇ ತಡಸಕ್ಕೆ ಹತ್ತಿರವೆಂಬ ಸಿದ್ಧಾಂತ ಆ ಬಡಾವಣೆಯಲ್ಲಿ ಬಹುಮತ ಗಳಿಸಿತು.

ಕೊನೆಗೆ ಮಗನು ಹಿರಿಯರ ಮರುಪ್ರಯಾಣದ ಟಿಕೆಟ್ಟನ್ನೇ ಮುಂದಿಟ್ಟನು. ಅದರಂತೆ ಶನಿವಾರ ರಾತ್ರಿ ಎಂಟೂವರೆಗೆ ಹೊರಟ ವಿಮಾನ ಬೆಂಗಳೂರು ಮುಟ್ಟುವುದು ಸೋಮವಾರ ನಸುಕಿನ ಮೂರೂವರೆಗೆ. ಅಜ್ಜ ಬೆರಳು ಮಡಿಸಿ ಎಣಿಸಿದರು: ಮೂವತ್ತೊಂದು ತಾಸು, ನಡುವಿನ ಭಾನುವಾರ ಗುಳುಂ! ಈ ಸಲವೂ ಅವರು ಗಡಿಯಾರವನ್ನೇ ನಂಬಿದರು. ಬಿಟ್ಟುಕೊಟ್ಟದ್ದು ಮಗನ ಮೇಲಿನ ಸಿಟ್ಟನ್ನು ಮಾತ್ರ. “ಹೋಗೂದು ಸಸಾರ, ಬರೂದು ಭಾಳ ದೂರ. ಪಾಪ, ಇವನ ತಪ್ಪೇನೈತಿ?” ಎಂದು ತೀರ್ಪಿತ್ತ ಅವರ ದನಿಯಲ್ಲಿ, ಹತ್ತು ಹಬ್ಬಗಳಿಂದ ಕಾಯ್ದಿಟ್ಟಿದ್ದ ದೂರೊಂದು ಸದ್ದಿಲ್ಲದೆ ವಜಾ ಆದಂತಿತ್ತು.

ಅವ್ವ ಮಾತ್ರ ಈ ಕ್ಷಮಾದಾನವನ್ನು ಒಪ್ಪಲಿಲ್ಲ. ಕಟಕ್ ರೊಟ್ಟಿ, ಅಂದರೆ ನೀರಿನಂಶ ಹೋಗುವಂತೆ ಗರಿಗರಿಯಾಗಿಸಿ ವಾರಗಟ್ಟಲೆ ಇಡುವ ಜೋಳದ ರೊಟ್ಟಿ, ಅವರ ಅಳತೆಗೋಲು.

“ಮೂವತ್ತೊಂದಲ್ಲ, ಮುನ್ನೂರು ತಾಸಾಗ್ಲಿ, ನನ್ನ ರೊಟ್ಟಿ ಕೆಡೂದಿಲ್ಲ. ನೀ ಮೊದಲ ಟಿಕೀಟ ತಗಸು.”